ಯಾವ ಡಬ್ಬಿ, ಯಾವ ಲಾಟ್? ಏರ್ ರೈಫಲ್ ಪೆಲೆಟ್ ಆರಿಸುವ ಲೆಕ್ಕ

ಹುಬ್ಬಳ್ಳಿ-ಧಾರವಾಡದಲ್ಲಿ ಮಗನನ್ನೋ ಮಗಳನ್ನೋ ಶೂಟಿಂಗ್‌ಗೆ ಹಾಕಿದ ಅಪ್ಪ-ಅಮ್ಮಂದಿರು ಮೊದಲು ರೈಫಲ್ ಬಗ್ಗೆ ಕೇಳುತ್ತಾರೆ. ಆಮೇಲೆ ಜಾಕೆಟ್ ಬಗ್ಗೆ. ಎರಡೂ ಖರ್ಚು ಮುಗಿದ ಮೇಲೆ ಪೆಲೆಟ್, ಅಂದರೆ ಏರ್ ರೈಫಲ್‌ಗೆ ಹಾಕುವ ಸೀಸದ ಪುಟ್ಟ ಗುಂಡಿನ ಡಬ್ಬಿ ಕೈಗೆ ಬರುತ್ತದೆ. ಆಗ ಬರುವ ಮಾತು ಇದು: "ಸರ, ಇದು ಬಾಳ ತುಟ್ಟಿ ಆತು. ಸಾದಾ ಡಬ್ಬಿ ನಡೆಯಂಗಿಲ್ಲೇನ್ರೀ?"

ನಡೆಯುತ್ತದೆ. ಆದರೆ ಯಾರಿಗೆ, ಎಲ್ಲಿವರೆಗೆ ಅನ್ನೋದನ್ನ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬ್ರ್ಯಾಂಡ್ ಯಾವುದು, ಬೆಲೆ ಎಷ್ಟು, ತೂಕ ಎಷ್ಟು ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ, ನಿಮ್ಮ ಬ್ಯಾರಲ್‌ಗೆ (ರೈಫಲ್ ನಳಿಗೆಗೆ) ಹೊಂದುವ ಲಾಟ್, ಅಂದರೆ ಕಂಪನಿ ಒಂದೇ ಸಲಕ್ಕೆ ತಯಾರಿಸಿದ ಪೆಲೆಟ್ ಕಂತು, ಯಾವುದು ಅಂತ ಹುಡುಕಿ, ಅದನ್ನೇ ಜಾಸ್ತಿ ತಗೊಂಡು ಇಡುವುದು ಲಾಭ. ಅದೂ ಕೈ ಒಂದು ಮಟ್ಟಕ್ಕೆ ಬಂದ ಮೇಲೆ. ಅಲ್ಲಿವರೆಗೆ ಸಾಧಾರಣ ಡಬ್ಬಿ ಸಾಕು.

ಮೊದಲು ಟಾರ್ಗೆಟ್ ನೋಡಿ

10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆಯ ಅಗಲ ಬರೀ 0.5 ಮಿ.ಮೀ. ಪೆಲೆಟ್ ಅಗಲ 4.5 ಮಿ.ಮೀ. ಚುಕ್ಕೆಗಿಂತ ಗುಂಡೇ ಒಂಬತ್ತು ಪಟ್ಟು ಅಗಲ! ಗುಂಡಿನ ಅಂಚು ಚುಕ್ಕೆಗೆ ತಾಗಿದರೆ 10.0 ಸಿಗುತ್ತದೆ. ಅಂದರೆ ಗುಂಡಿನ ನಡು ಟಾರ್ಗೆಟ್‌ನ ನಡುವಿನಿಂದ 2.5 ಮಿ.ಮೀ. ಒಳಗೆ ಬಿದ್ದಿರಬೇಕು. ಅಲ್ಲಿಂದ ಒಳಗೆ ಪ್ರತಿ ಕಾಲು ಮಿಲಿಮೀಟರಿಗೆ 0.1 ಅಂಕ ಏರುತ್ತದೆ. 10.5 ಬೇಕಾದರೆ 1.25 ಮಿ.ಮೀ. ಒಳಗೆ, 10.9 ಬೇಕಾದರೆ 0.25 ಮಿ.ಮೀ. ಒಳಗೆ. 60 ಗುಂಡು, ಗರಿಷ್ಠ 654.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಒಟ್ಟು 700.5 ಅಂಕದೊಂದಿಗೆ ಚಿನ್ನ ಗೆದ್ದರಲ್ಲ, ಅವರ ಕೊನೆಯ ಗುಂಡು 10.8. ನಡುವಿನಿಂದ ಅರ್ಧ ಮಿಲಿಮೀಟರ್ ಒಳಗೆ. ಆ ಮಟ್ಟದಲ್ಲಿ ಪೆಲೆಟ್ ತಾನಾಗಿಯೇ ಅರ್ಧ ಮಿಲಿಮೀಟರ್ ಆಚೀಚೆ ಹೋದರೆ ಪದಕ ಹೋಯಿತು. ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಗೆ ಅದೇ ಅರ್ಧ ಮಿಲಿಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ಯಾಕೆ ಅಂತ ನೋಡೋಣ.

ಕೈಯಿಂದ ಆಗುವ ಚೆದುರುವಿಕೆ ಬೇರೆ, ಪೆಲೆಟ್ಟಿನಿಂದ ಆಗುವುದು ಬೇರೆ. ಎರಡೂ ಸೇರಿದಾಗ ನೇರವಾಗಿ ಕೂಡುವುದಿಲ್ಲ. ಎರಡರ ವರ್ಗ ಕೂಡಿಸಿ, ವರ್ಗಮೂಲ ತೆಗೆಯಬೇಕು. ಶಾಲೆಯಲ್ಲಿ ಲಂಬಕೋನ ತ್ರಿಭುಜಕ್ಕೆ ಮಾಡಿದ ಲೆಕ್ಕವೇ. ಇದರಿಂದ ಆಗುವುದೇನು ಅಂದರೆ, ದೊಡ್ಡದು ಸಣ್ಣದನ್ನ ನುಂಗಿಬಿಡುತ್ತದೆ.

ಕಲಿಯುವ ಹುಡುಗಿಯ ಗುಂಡುಗಳು ಸರಾಸರಿ 4 ಮಿ.ಮೀ. ದೂರ ಬೀಳುತ್ತವೆ ಅಂತಿಟ್ಟುಕೊಳ್ಳಿ. ಸುಮಾರು 9.4ರ ಸರಾಸರಿ. ಒಂದು ಪೆಲೆಟ್ ತಾನಾಗಿ 0.4 ಮಿ.ಮೀ. ಚೆದುರುತ್ತದೆ, ಇನ್ನೊಂದು 0.7. ಲೆಕ್ಕ ಹಾಕಿದರೆ ಒಟ್ಟು ಚೆದುರುವಿಕೆ 4.02 ಮತ್ತು 4.06 ಬರುತ್ತದೆ. 60 ಗುಂಡಿಗೆ ಹೆಚ್ಚುಕಮ್ಮಿ ಒಂದು ಅಂಕದ ವ್ಯತ್ಯಾಸ. ಒಂದು ದಿನ ರಾತ್ರಿ ನಿದ್ದೆ ಸರಿಯಾಗದಿದ್ದರೆ ಇದಕ್ಕಿಂತ ಜಾಸ್ತಿ ಹೋಗುತ್ತದೆ.

ಈಗ ಅದೇ ಎರಡು ಪೆಲೆಟ್ಟನ್ನ ರಾಷ್ಟ್ರಮಟ್ಟದ ಶೂಟರ್ ಕೈಗೆ ಕೊಡಿ. ಅವರ ಕೈಯದ್ದು ಬರೀ 1.3 ಮಿ.ಮೀ. ಒಟ್ಟು 1.36 ಮತ್ತು 1.48 ಆಗುತ್ತದೆ. 60 ಗುಂಡಿಗೆ ಸುಮಾರು ಮೂರು ಅಂಕ. ಅವರ ಮಟ್ಟದಲ್ಲಿ ಮೂರು ಅಂಕ ಅಂದರೆ ಫೈನಲ್‌ಗೆ ಹೋಗುವುದಕ್ಕೂ ಗ್ಯಾಲರಿಯಲ್ಲಿ ಕೂತು ಫೈನಲ್ ನೋಡುವುದಕ್ಕೂ ಇರುವ ವ್ಯತ್ಯಾಸ.

ಹಾಗಂತ ತೀರಾ ಕಳಪೆ ಪೆಲೆಟ್ ಬೇಡ. ತಾನಾಗಿಯೇ 1.5 ಮಿ.ಮೀ. ಚೆದುರುವ ಮಾಲು ಇರುತ್ತದೆ. ಅದು ಕಲಿಯುವ ಹುಡುಗಿಯಿಂದಲೂ ಸುಮಾರು ಆರು ಅಂಕ ಕಿತ್ತುಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅವಳು ಸರಿಯಾಗಿ ಹೊಡೆದ ಗುಂಡು ಎಂಟಕ್ಕೆ ಹೋದಾಗ, ತಪ್ಪು ತನ್ನದೇ ಅಂದುಕೊಂಡು ಸರಿ ಇದ್ದ ನಿಲುವನ್ನ ಬದಲಾಯಿಸುತ್ತಾಳೆ.

ಆಕಾರ ಮತ್ತು ತೂಕ: ಇಲ್ಲಿ ಜಾಸ್ತಿ ಯೋಚನೆ ಬೇಡ

ಕಾಗದದ ಟಾರ್ಗೆಟ್‌ಗೆ 10 ಮೀಟರ್‌ನಲ್ಲಿ ಚಪ್ಪಟೆ ತಲೆಯ ಪೆಲೆಟ್ಟೇ ಬೇಕು. ವಾಡ್‌ಕಟರ್ ಅಂತ ಕೇಳಿ. ಅದು ಕಾಗದವನ್ನ ಪಂಚಿಂಗ್ ಮಷಿನ್ ಥರ ದುಂಡಗೆ ಕತ್ತರಿಸುತ್ತದೆ, ಅಂಕ ಓದಲು ಗೊಂದಲ ಇರುವುದಿಲ್ಲ. ದುಂಡು ತಲೆಯ ಪೆಲೆಟ್ 25 ಮೀಟರ್, 50 ಮೀಟರ್ ದೂರಕ್ಕೆ ಸರಿ. ಅಷ್ಟು ದೂರ ಹೋದರೆ ಚಪ್ಪಟೆ ತಲೆಯದ್ದು ಗಾಳಿಯಲ್ಲಿ ತಡವರಿಸಿ ವೇಗ ಕಳೆದುಕೊಳ್ಳುತ್ತದೆ. ಚೂಪು ತಲೆಯದ್ದು ನೋಡಲು ಜೋರಾಗಿದೆ, ಸ್ಪರ್ಧೆಗೆ ಉಪಯೋಗ ಇಲ್ಲ.

ತೂಕದಲ್ಲಿ ಎರಡು ಗುಂಪು. ಸುಮಾರು 0.53 ಗ್ರಾಂನದ್ದು ರೈಫಲ್‌ಗೆ. 0.45ರಿಂದ 0.49 ಗ್ರಾಂನದ್ದು ಪಿಸ್ತೂಲಿಗೆ. ಡಬ್ಬಿ ಮೇಲೆ ಗ್ರೇನ್ ಲೆಕ್ಕ ಇದ್ದರೆ 8.2 ಅಂದರೆ ರೈಫಲ್, 7.0 ಅಂದರೆ ಪಿಸ್ತೂಲು. ಗಾಳಿ ಸಿಲಿಂಡರ್ ಇರುವ ಮ್ಯಾಚ್ ರೈಫಲ್‌ಗೆ 0.53 ತಗೊಳ್ಳಿ. ಹಾವೇರಿ, ಗದಗ ಕಡೆ ಹಳೆಯ ಸ್ಪ್ರಿಂಗ್ ರೈಫಲ್‌ನಲ್ಲಿ ಕಲಿಯುವವರು ಇದ್ದರೆ ಹಗುರದ್ದನ್ನೂ ಒಮ್ಮೆ ಹಾಕಿ ನೋಡಬಹುದು. ಸ್ಪ್ರಿಂಗ್ ಸೋತಿದ್ದರೆ ಹಗುರದ್ದು ಕೆಲವು ಸಲ ಚೆನ್ನಾಗಿ ಕೂರುತ್ತದೆ.

ಕಾನೂನಿನ ಮಾತು ಇಲ್ಲೇ ಮುಗಿಸುತ್ತೇನೆ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ .177 ಇಂಚಿಗಿಂತ (4.5 ಮಿ.ಮೀ.) ದೊಡ್ಡ ಬೋರ್ (ನಳಿಗೆಯ ಒಳ ಅಗಲ) ಅಥವಾ 20 ಜೂಲ್‌ಗಿಂತ ಜಾಸ್ತಿ ಶಕ್ತಿ ಇದ್ದರೆ ಏರ್ ರೈಫಲ್‌ಗೂ ಲೈಸೆನ್ಸ್ ಬೇಕು. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 172 ಮೀಟರ್ ವೇಗದಲ್ಲಿ ಹೋದರೆ ಶಕ್ತಿ 8 ಜೂಲ್ ಕೂಡ ಆಗುವುದಿಲ್ಲ. ಮ್ಯಾಚ್ ರೈಫಲ್‌ನವರು ನಿಶ್ಚಿಂತೆಯಿಂದ ಇರಬಹುದು.

ಅಭ್ಯಾಸದ ಡಬ್ಬಿಯೋ, ಮ್ಯಾಚ್ ಡಬ್ಬಿಯೋ?

ಒಂದೇ ಕಂಪನಿ ಎರಡು-ಮೂರು ದರ್ಜೆಯ ಪೆಲೆಟ್ ಮಾಡುತ್ತದೆ. ಆರ್‌ಡಬ್ಲ್ಯೂಎಸ್‌ನವರದ್ದು ಹಾಬಿ, ಮೈಸ್ಟರ್‌ಕೂಗೆಲ್ನ್, ಆರ್10 ಅಂತ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಎಚ್ ಆ್ಯಂಡ್ ಎನ್‌ನವರ ಮೇಲಿನ ಮೆಟ್ಟಿಲು ಫಿನಾಲೆ ಮ್ಯಾಚ್. ಜೆಎಸ್‌ಬಿಯವರದ್ದು ಎಸ್100. ಚೀನಾದ ಚಿಯಾಂಗ್ ಯುವಾನ್ ಪೆಲೆಟ್‌ಗಳೂ ದೊಡ್ಡ ಸ್ಪರ್ಧೆಗಳಲ್ಲಿ ಕಾಣುತ್ತವೆ.

ಮೇಲಿನ ದರ್ಜೆಗೆ ಜಾಸ್ತಿ ದುಡ್ಡು ಕೊಟ್ಟರೆ ಸಿಗುವುದೇನು? ಒಂದು ಗುಂಡಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಡಿಮೆ. ಸ್ಕರ್ಟ್, ಅಂದರೆ ಪೆಲೆಟ್ಟಿನ ಹಿಂಬದಿಯ ಅಗಲವಾದ ಟೊಳ್ಳು ಭಾಗ, ನೆಟ್ಟಗೆ ಇರುತ್ತದೆ. ಡಬ್ಬಿ ಮೇಲೆ ತಲೆಯ ಅಳತೆ ಇರುತ್ತದೆ. ಇಷ್ಟೇ. ಅಲ್ಲಿ ಜಾದೂ ಏನೂ ಇಲ್ಲ. ಬ್ಯಾರಲ್‌ಗೆ ಹೊಂದದ ಆರ್10ಗಿಂತ ಹೊಂದುವ ಮೈಸ್ಟರ್‌ಕೂಗೆಲ್ನ್ ಬಿಗಿಯಾದ ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳ ತೂತಿನ ಗುಂಪು) ಕೊಡುವುದನ್ನ ಯಾವ ರೇಂಜಿನಲ್ಲಾದರೂ ನೋಡಬಹುದು.

ನಾನು ಮಕ್ಕಳ ಮನೆಯವರಿಗೆ ಹೇಳುವುದು ಹೀಗೆ. ಸರಾಸರಿ 9.8 ದಾಟುವವರೆಗೆ ನಡುವಿನ ದರ್ಜೆಯದ್ದು ಸಾಕು. ದಿನಕ್ಕೆ ನೂರು ಗುಂಡು ಹೊಡೆದರೆ 500ರ ಡಬ್ಬಿ ಐದು ದಿನಕ್ಕೆ ಖಾಲಿ. ವರ್ಷದ ಖರ್ಚು ಕೂಡಿಸಿ ನೋಡಿ, ಎದೆ ಧಸಕ್ ಅನ್ನುತ್ತದೆ. ದರ್ಜೆಗಳ ನಡುವೆ ಉಳಿಯುವ ದುಡ್ಡಿನಲ್ಲಿ ಒಳ್ಳೆಯ ಶೂ ಬರುತ್ತದೆ, ರಾಜ್ಯ ಸ್ಪರ್ಧೆಗೆ ಬೆಂಗಳೂರಿಗೆ ಹೋಗಿಬರುವ ಖರ್ಚು ಬರುತ್ತದೆ. 10.0 ದಾಟಿದ ಮೇಲೆ ಮ್ಯಾಚ್ ದರ್ಜೆಗೆ ಹೋಗಿ. 10.2ರ ಹತ್ತಿರ ಬಂದರೆ ಲಾಟ್ ಟೆಸ್ಟ್ ಮಾಡದೆ ಯಾವ ಡಬ್ಬಿಯನ್ನೂ ಸ್ಪರ್ಧೆಗೆ ಒಯ್ಯಬೇಡಿ.

ಅಭ್ಯಾಸಕ್ಕೊಂದು, ಸ್ಪರ್ಧೆಗೊಂದು ಅಂತ ಎರಡು ಬಗೆ ಇಟ್ಟುಕೊಳ್ಳುವವರಿದ್ದಾರೆ. ತೊಂದರೆ ಇಲ್ಲ. ಆದರೆ ಪೆಲೆಟ್ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ, ಸೈಟ್ (ಗುರಿ ನೋಡುವ ಭಾಗ) ಕ್ಲಿಕ್ ತಿರುಗಿಸಬೇಕಾಗುತ್ತದೆ. ಬ್ಯಾರಲ್ ಹೊಸ ಸೀಸಕ್ಕೆ ಹೊಂದಿಕೊಳ್ಳಲು ಹತ್ತು-ಹದಿನೈದು ಗುಂಡು ಬೇಕು. ಸ್ಪರ್ಧೆಯ ದಿನ ಬೆಳಿಗ್ಗೆ ಹೊಸ ಡಬ್ಬಿ ಒಡೆಯುವವರನ್ನ ನೋಡಿದರೆ ನನಗೆ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸುತ್ತದೆ. ಸ್ಪರ್ಧೆಗೆ ಎರಡು ದಿನ ಮೊದಲೇ ಅದಕ್ಕೆ ಬದಲಾಯಿಸಿಬಿಡಿ.

4.49, 4.50, 4.51: ತಲೆಯ ಅಳತೆಯ ಗದ್ದಲ

ಡಬ್ಬಿ ಹಿಂದೆ ಸಣ್ಣ ಸ್ಟಿಕ್ಕರ್ ಇರುತ್ತದೆ. 4.49 ಅಂತಲೋ 4.50 ಅಂತಲೋ ಬರೆದಿರುತ್ತದೆ. ಅದು ಪೆಲೆಟ್ ತಲೆಯ ಅಗಲ, ಮಿಲಿಮೀಟರಿನಲ್ಲಿ. ಎರಡರ ನಡುವೆ ಮಿಲಿಮೀಟರಿನ ನೂರರಲ್ಲಿ ಒಂದು ಭಾಗದ ವ್ಯತ್ಯಾಸ. ತಲೆಗೂದಲು ಕೂಡ ಇದಕ್ಕಿಂತ ಎಷ್ಟೋ ಪಟ್ಟು ದಪ್ಪ.

ಇಷ್ಟು ಸಣ್ಣ ವ್ಯತ್ಯಾಸ ಮುಖ್ಯ ಆಗುತ್ತದಾ? ಕೆಲವು ಬ್ಯಾರಲ್‌ಗೆ ಆಗುತ್ತದೆ, ಕೆಲವಕ್ಕೆ ಇಲ್ಲ. ಬ್ಯಾರಲ್ ಒಳಗೆ ತಿರುಪಿನ ಹಾಗೆ ಗೀರುಗಳಿರುತ್ತವೆ. ತಲೆ ಆ ಗೀರುಗಳ ಉಬ್ಬಿನ ಮೇಲೆ ಸವಾರಿ ಮಾಡುತ್ತದೆ. ಸ್ಕರ್ಟ್ ಗಾಳಿಯ ಒತ್ತಡಕ್ಕೆ ಅರಳಿ ಗೀರಿನೊಳಗೆ ಕೂತು ಗಾಳಿ ಸೋರದ ಹಾಗೆ ನೋಡಿಕೊಳ್ಳುತ್ತದೆ. ತಲೆ ಸಡಿಲ ಇದ್ದರೆ ಪೆಲೆಟ್ ಒಳಗೇ ಸ್ವಲ್ಪ ವಾಲಿ ಹೊರಬರುತ್ತದೆ. ತೀರಾ ಬಿಗಿ ಇದ್ದರೆ ಒಂದೊಂದು ಗುಂಡಿಗೆ ಒಂದೊಂದು ವೇಗ.

ಹೆಬ್ಬೆರಳಿನಿಂದ ಒತ್ತಿ ಕೂರಿಸುವಾಗಿನ ಬಿಗಿ ನೋಡಿ ಅಳತೆ ಹೇಳುವ ಸೀನಿಯರ್‌ಗಳು ಇರುತ್ತಾರೆ. ಕೇಳಿ, ತಲೆ ಅಲ್ಲಾಡಿಸಿ, ಆಮೇಲೆ ಕಾಗದದ ಮೇಲೆ ಹೊಡೆದು ನೋಡಿ. ಬೆರಳಿಗೆ ಸಿಗುವುದು ಸ್ಕರ್ಟ್‌ನ ಬಿಗಿ, ತಲೆಯದ್ದಲ್ಲ. ವರ್ನಿಯರ್‌ನಿಂದ ಅಳೆಯುವುದೂ ದಂಡ. ಸೀಸ ಮೆತ್ತಗೆ, ಒತ್ತಿದಷ್ಟು ಒಳಗೆ ಹೋಗುತ್ತದೆ.

ಮೊದಲ ಸಲ ಕೊಳ್ಳುವವರು 4.49 ಮತ್ತು 4.50 ಒಂದೊಂದು ಡಬ್ಬಿ ತಂದರೆ ಆಯಿತು. ಎರಡೂ ಒಂದೇ ಥರ ಬಿದ್ದರೆ ಮುಂದೆ ಯಾವುದು ಸಿಗುತ್ತದೋ ಅದು. ಒಂದು ಸ್ಪಷ್ಟವಾಗಿ ಗೆದ್ದರೆ ಆ ಕಡೆಗೆ ಇನ್ನೊಂದು ಹೆಜ್ಜೆ, 4.48 ಅಥವಾ 4.51.

ತೂಗುವುದು, ಆರಿಸುವುದು, ತೊಳೆಯುವುದು

ಅಕ್ಕಸಾಲಿಗರು ಇಟ್ಟುಕೊಳ್ಳುವಂಥ ಸಣ್ಣ ಡಿಜಿಟಲ್ ತಕ್ಕಡಿ ತಂದು ಒಂದೊಂದೇ ಪೆಲೆಟ್ ತೂಗಿ ಬೇರೆ ಬೇರೆ ಡಬ್ಬಿಗೆ ಹಾಕುವವರಿದ್ದಾರೆ. ಸಂಜೆ ಪೂರ್ತಿ ಅದೇ ಕೆಲಸ. ಇದರಿಂದ ಎಷ್ಟು ಲಾಭ ಅಂತ ಲೆಕ್ಕ ಹಾಕೋಣ.

ಪೆಲೆಟ್ 10 ಮೀಟರ್ ದಾಟಲು ಸುಮಾರು 0.058 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು ಸುಮಾರು 16.5 ಮಿ.ಮೀ. ಕೆಳಗೆ ಇಳಿದಿರುತ್ತದೆ. ಸೈಟ್ ಅದನ್ನ ಸರಿದೂಗಿಸುತ್ತದೆ. ಪೆಲೆಟ್ ತೂಕ 0.005 ಗ್ರಾಂ ಜಾಸ್ತಿ ಇದ್ದರೆ, ಅಂದರೆ ಶೇಕಡಾ ಒಂದರಷ್ಟು, ವೇಗ ಶೇಕಡಾ ಅರ್ಧ ಕಡಿಮೆ ಆಗುತ್ತದೆ. ಇಳಿತ ಶೇಕಡಾ ಒಂದು ಜಾಸ್ತಿ. ಅಂದರೆ 0.16 ಮಿ.ಮೀ. ಒಂದು ದಶಾಂಶ ಅಂಕಕ್ಕೇ 0.25 ಮಿ.ಮೀ. ಬೇಕು. ಮ್ಯಾಚ್ ದರ್ಜೆಯ ಡಬ್ಬಿಯಲ್ಲಿ ತೂಕದ ವ್ಯತ್ಯಾಸ ಇದಕ್ಕಿಂತಲೂ ಕಡಿಮೆ ಇರುವುದೇ ಜಾಸ್ತಿ. ಸಂಜೆ ಪೂರ್ತಿ ತೂಗಿ ಉಳಿಸಿದ್ದು ಅರ್ಧ ದಶಾಂಶ!

ಆ ಹೊತ್ತನ್ನ ಕಣ್ಣಿನಿಂದ ಆರಿಸಲು ಕೊಟ್ಟರೆ ಲಾಭ ಜಾಸ್ತಿ. ಕೊರಿಯರ್‌ನಲ್ಲಿ ಬಂದ ಡಬ್ಬಿ ದಾರಿಯಲ್ಲಿ ಎಷ್ಟು ಸಲ ಬಿದ್ದಿರುತ್ತದೋ ಯಾರಿಗೆ ಗೊತ್ತು. ಟೇಬಲ್ ಮೇಲೆ ಗಾಜಿನ ಹಾಳೆ ಇಟ್ಟು ಪೆಲೆಟ್ಟನ್ನ ಮೆಲ್ಲಗೆ ಉರುಳಿಸಿ. ಸ್ಕರ್ಟ್ ತಲೆಗಿಂತ ಅಗಲ ಇರುವುದರಿಂದ ಅದು ನೇರ ಹೋಗುವುದಿಲ್ಲ, ಬಿಲ್ಲಿನ ಹಾಗೆ ಬಾಗಿ ಉರುಳುತ್ತದೆ. ಒಳ್ಳೆಯದು ಸದ್ದಿಲ್ಲದೆ ಒಂದೇ ಸಮ ಹೋಗುತ್ತದೆ. ಸ್ಕರ್ಟ್ ನೆಗ್ಗಿದ್ದು ಟಕ್ ಟಕ್ ಅಂತ ಕುಂಟುತ್ತದೆ. ಬೆಳಕಿಗೆ ಹಿಡಿದು ಹಿಂಬದಿಯ ಬಾಯಿ ನೋಡಿ. ಅಂಚಿನಲ್ಲಿ ಒಂದು ಕಡೆ ಚಪ್ಪಟೆಯಾಗಿದ್ದರೂ ಸಾಕು, ಅಲ್ಲಿಂದ ಗಾಳಿ ಸೋರುತ್ತದೆ, ಗುಂಡು ಹೊರಬರುವಾಗ ಒಂದು ಬದಿಗೆ ತಳ್ಳಿಸಿಕೊಳ್ಳುತ್ತದೆ. ಅಂಥವನ್ನ ಬೇರೆ ಡಬ್ಬಿಗೆ ಹಾಕಿ. ಬಿಸಾಡಬೇಡಿ, ಟ್ರಿಗರ್ ಅಭ್ಯಾಸಕ್ಕೆ ಬರುತ್ತವೆ.

ತೊಳೆಯುವುದು, ಎಣ್ಣೆ ಹಚ್ಚುವುದು ಇದರ ಬಗ್ಗೆ ದೊಡ್ಡ ಚರ್ಚೆ ಇದೆ. ಹೊಸ ಡಬ್ಬಿಗೆ ಏನೂ ಮಾಡಬೇಡಿ. ಕಂಪನಿಯವರೇ ತೆಳುವಾಗಿ ಸವರಿರುತ್ತಾರೆ. ಧಾರವಾಡದ ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟ ಡಬ್ಬಿಯಲ್ಲಿ ಬಿಳಿ ಪುಡಿ ಕಾಣಿಸುತ್ತದೆ. ಅದು ಸೀಸಕ್ಕೆ ಹಿಡಿದ ತುಕ್ಕು. ಅದನ್ನ ತೊಳೆದು ಬಳಸುವ ಉಸಾಬರಿ ಬೇಡ, ಆ ಪುಡಿ ಮೈಗೆ ಒಳ್ಳೆಯದಲ್ಲ. ಪೆಲೆಟ್ ಮುಟ್ಟಿದ ಕೈ ಸೋಪಿನಿಂದ ತೊಳೆಯದೆ ಗಿರಮಿಟ್ಟು ತಿನ್ನಬಾರದು. ಮಕ್ಕಳು ಪೆಲೆಟ್ಟನ್ನ ತುಟಿಯಲ್ಲಿ ಕಚ್ಚಿ ಹಿಡಿಯುವ ಅಭ್ಯಾಸವನ್ನ ಮೊದಲ ದಿನವೇ ಬಿಡಿಸಿ.

ಟೆಸ್ಟ್ ಮಾಡುವುದು ಹೇಗೆ

ಇಲ್ಲಿ ದೂರದ ರೈಫಲ್‌ನವರಿಂದ ಕಲಿಯುವುದು ಬಹಳ ಇದೆ. ಅಮೆರಿಕ, ಯುರೋಪ್ ಕಡೆ ಸಾವಿರ ಗಜ ದೂರ ಹೊಡೆಯುವವರಲ್ಲಿ ಬಹಳ ಮಂದಿ ತಮ್ಮ ಕಾಡತೂಸನ್ನ ತಾವೇ ತುಂಬಿಕೊಳ್ಳುತ್ತಾರೆ. ಮದ್ದಿನ ತೂಕ, ಗುಂಡು ಎಷ್ಟು ಒಳಗೆ ಕೂರಬೇಕು, ಹಿತ್ತಾಳೆ ಕೋಶದ ಕುತ್ತಿಗೆ ಎಷ್ಟು ಬಿಗಿ, ಹೀಗೆ ಒಂದೊಂದನ್ನೇ ಬದಲಿಸಿ ತಮ್ಮ ಬ್ಯಾರಲ್‌ಗೆ ಹೊಂದುವುದನ್ನ ಹುಡುಕುತ್ತಾರೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಅಪರಾಧ. ಆ ದಾರಿ ನಮಗೆ ಇಲ್ಲ. ಆದರೆ ಅವರ ಲೆಕ್ಕದ ಶಿಸ್ತು ಪೆಲೆಟ್‌ಗೂ ಹಾಗೇ ಹೊಂದುತ್ತದೆ. ಅವರು ಕಾಡತೂಸನ್ನ ಬ್ಯಾರಲ್‌ಗೆ ಹೊಂದಿಸುತ್ತಾರೆ, ನಾವು ಸಿದ್ಧವಿರುವ ಲಾಟ್‌ಗಳಲ್ಲಿ ಹೊಂದುವುದನ್ನ ಆರಿಸುತ್ತೇವೆ.

ಅವರು ಏಟು ತಿಂದು ಕಲಿತ ಮೊದಲ ಪಾಠ: ಮೂರು ಗುಂಡಿನ ಗ್ರೂಪ್ ನಂಬಬೇಡ. ಒಂದೇ ರೈಫಲ್, ಒಂದೇ ಪೆಲೆಟ್ ಇದ್ದರೂ ಮೂರು ಗುಂಡಿನ ಗ್ರೂಪಿಗಿಂತ ಹತ್ತು ಗುಂಡಿನದ್ದು ಸರಾಸರಿ ಒಂದೂವರೆ ಪಟ್ಟಿಗಿಂತ ದೊಡ್ಡದು ಬರುತ್ತದೆ. ಅದಕ್ಕಿಂತ ಮುಖ್ಯ, ಮೂರರ ಗ್ರೂಪ್ ಒಂದು ಸಲ ಪುಟ್ಟದು, ಇನ್ನೊಂದು ಸಲ ಅದರ ಎರಡರಷ್ಟು. ಸುಮ್ನೆ ಅದೃಷ್ಟದ ಆಟ. ಮೊಬೈಲಿನಲ್ಲಿ ಫೋಟೋ ಕಳಿಸಿ "ನೋಡ್ರಿ ಅಣ್ಣಾರ, ಒಂದೇ ತೂತು" ಅನ್ನುವವರ ಫೋಟೋದಲ್ಲಿ ಎಷ್ಟು ಗುಂಡು ಅಂತ ಕೇಳಿ. ಮೂರೇ ಇರುತ್ತವೆ.

ಹಾಗಾಗಿ ಹತ್ತು ಗುಂಡಿನ ಗ್ರೂಪ್, ಪ್ರತಿ ಪೆಲೆಟ್‌ಗೆ ಕನಿಷ್ಠ ಮೂರು. ಎಲ್ಲಾ ಒಂದೇ ಸಾಲಿನಲ್ಲಿ ಬೇಡ. ನಾಲ್ಕು ಬಗೆ ಇದ್ದರೆ ಮೊದಲ ಸುತ್ತು ಒಂದರಿಂದ ನಾಲ್ಕು, ಎರಡನೇ ಸುತ್ತು ನಾಲ್ಕರಿಂದ ಒಂದು. ಸಿಲಿಂಡರ್ ಒತ್ತಡ ಇಳಿಯುವುದು, ನಿಮ್ಮ ಕೈ ದಣಿಯುವುದು, ಇವು ಯಾವುದೋ ಒಂದು ಪೆಲೆಟ್ ಮೇಲೇ ಬೀಳಬಾರದು. ಬಗೆ ಬದಲಿಸಿದಾಗ ಮೊದಲ ಹತ್ತು-ಹದಿನೈದು ಗುಂಡು ಲೆಕ್ಕಕ್ಕಿಲ್ಲ.

ರೈಫಲ್ಲನ್ನ ಅಲುಗದ ಹಾಗೆ ಕ್ಲಾಂಪಿಗೆ ಬಿಗಿಯಬೇಕೋ, ಭುಜಕ್ಕೆ ಇಟ್ಟು ಹೊಡೆಯಬೇಕೋ? ಕ್ಲಾಂಪ್ ಸಿಕ್ಕರೆ ಅದೇ ಸರಿ. ಮ್ಯಾಚ್ ರೈಫಲ್ ಜೊತೆ ಬರುವ ಐದು ಗುಂಡಿನ ಟೆಸ್ಟ್ ಕಾರ್ಡನ್ನ ಫ್ಯಾಕ್ಟರಿಯವರು ಹಾಗೇ ಹೊಡೆದಿರುತ್ತಾರೆ. ಸ್ಟಾಕ್ (ಭುಜಕ್ಕೆ ಆನಿಸುವ ಹಿಡಿ) ಬಿಚ್ಚಿ, ಆ್ಯಕ್ಷನ್ (ಗುಂಡು ಹಾಕಿ ಹಾರಿಸುವ ಭಾಗ) ಹಿಡಿಯುವ ಹಾಗೆ ಮೆತ್ತನೆಯ ಹಲ್ಲಿನ ಕ್ಲಾಂಪ್ ಬೇಕು. ಗಾಳಿ ಸಿಲಿಂಡರನ್ನ ಹಿಡಿದು ಬಿಗಿಯಬಾರದು, ಅಪಾಯ. ಗೊತ್ತಿರುವವರ ಕೈಯಲ್ಲಿ ಮಾಡಿಸಿ. ಕ್ಲಾಂಪ್ ಇಲ್ಲದವರು ಟೇಬಲ್ ಮೇಲೆ ಮರಳಿನ ಚೀಲ ಇಟ್ಟು, ಕೂತು ಹೊಡೆಯಿರಿ. ನಿಂತು ಹೊಡೆದು ಪೆಲೆಟ್ ಟೆಸ್ಟ್ ಮಾಡಿದರೆ ಟೆಸ್ಟ್ ಆಗುವುದು ನೀವು.

ಎಲೆಕ್ಟ್ರಾನಿಕ್ ಟಾರ್ಗೆಟ್ ಇರುವ ಕಡೆ ಪ್ರತಿ ಗುಂಡಿನ ಜಾಗ ಅಂಕಿಯಲ್ಲಿ ಸಿಗುತ್ತದೆ, ಕೆಲಸ ಹಗುರ. ಇಲ್ಲದಿದ್ದರೆ ಒಳ್ಳೆಯ ಕಾಗದ ಬೇಕು. ಮಳೆಗಾಲದಲ್ಲಿ ತೆಳು ಕಾಗದ ತೇವ ಹೀರಿ ತೂತಿನ ಅಂಚು ಹರಿಯುತ್ತದೆ, ಅಳತೆ ತಪ್ಪುತ್ತದೆ. ಗದಗಿನವರಿಗೆ ಈ ಚಿಂತೆ ಇಲ್ಲ. ಅಷ್ಟೊಂದು ಪ್ರಿಂಟಿಂಗ್ ಪ್ರೆಸ್ ಇರುವ ಊರು, ದಪ್ಪ ಕಾರ್ಡ್ ಬೋರ್ಡಿನ ಕತ್ತರಿಸಿ ಉಳಿದ ಪಟ್ಟಿಗಳು ಅಗ್ಗಕ್ಕೆ ಸಿಗುತ್ತವೆ. ಟೆಸ್ಟಿಗೆ ವೃತ್ತ ಅಚ್ಚಾಗಿರಬೇಕು ಅಂತೇನಿಲ್ಲ, ಗುರಿ ಇಡಲು ಒಂದು ಕಪ್ಪು ಚುಕ್ಕೆ ಸಾಕು.

ಅಳೆಯುವುದು ಸುಲಭ. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆಯಿರಿ. ಹೊರಗಿಂದ 6 ಮಿ.ಮೀ. ಬಂದರೆ ಗ್ರೂಪ್ 1.5. ಹತ್ತು ಗುಂಡಿಗೆ ಅದು ಒಳ್ಳೆಯದು. 1 ಮಿ.ಮೀ. ಹತ್ತಿರ ಬಂದರೆ ಆ ಲಾಟ್ ಬಿಡಬೇಡಿ.

ಗ್ರೂಪಿನ ಆಕಾರವನ್ನೂ ನೋಡಿ. ಮೇಲೆ-ಕೆಳಗೆ ಉದ್ದ ಎಳೆದಿದ್ದರೆ ವೇಗ ಏರುಪೇರಾಗುತ್ತಿದೆ. ಸೆಕೆಂಡಿಗೆ 5 ಮೀಟರ್ ವೇಗದ ವ್ಯತ್ಯಾಸ 10 ಮೀಟರ್‌ನಲ್ಲಿ ಹತ್ತಿರ ಹತ್ತಿರ 1 ಮಿ.ಮೀ. ಆಗುತ್ತದೆ. ಯಾರ ಹತ್ತಿರವಾದರೂ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಇಸ್ಕೊಳ್ಳಿ. ಎಲ್ಲಾ ಪೆಲೆಟ್‌ಗೂ ಹೀಗೇ ಆಗುತ್ತಿದ್ದರೆ ತಪ್ಪು ಪೆಲೆಟ್ಟಿನದ್ದಲ್ಲ, ಗಾಳಿಯ ಒತ್ತಡ ಒಂದೇ ಸಮ ಇಡುವ ರೆಗ್ಯುಲೇಟರ್‌ದು. ಅಡ್ಡ ಎಳೆದಿದ್ದರೆ ಕ್ಲಾಂಪ್ ಸಡಿಲವೋ ನೋಡಿ. ಒಂಬತ್ತು ಒಂದೇ ಕಡೆ ಬಿದ್ದು ಒಂದು ಮಾತ್ರ ಹೊರಗೆ ಹೋದರೆ ನೆಗ್ಗಿದ ಸ್ಕರ್ಟ್ ಇರಬಹುದು. ಆದರೆ ಅದನ್ನ ಲೆಕ್ಕದಿಂದ ತೆಗೆಯಬೇಡಿ. ಸ್ಪರ್ಧೆಯಲ್ಲಿ ಯಾರೂ ತೆಗೆಯುವುದಿಲ್ಲ.

ಒಂದು ಲಾಟ್ ಗೆದ್ದ ಮೇಲೆ ಕೈಲಾದಷ್ಟು ಅದೇ ಲಾಟ್ ತಗೊಳ್ಳಿ. ಡಬ್ಬಿಯ ಸ್ಟಿಕ್ಕರ್ ಫೋಟೋ ತೆಗೆದು ಅಂಗಡಿಗೆ ಕಳಿಸಿ, "ಇದೇ ನಂಬರ್ ಇದ್ದರೆ ಮಾತ್ರ ಕಳಿಸ್ರಿ" ಅನ್ನಿ. ಅದೇ ಹೆಸರು, ಅದೇ ತಲೆಯ ಅಳತೆ, ಬೇರೆ ಲಾಟ್ ಬಂದರೆ ಅದು ಬೇರೆ ಪೆಲೆಟ್ ಅಂತಲೇ ತಿಳಿದು ಮತ್ತೆ ಟೆಸ್ಟ್ ಮಾಡಿ. ಒಬ್ಬರಿಗೇ ಅಷ್ಟು ದುಡ್ಡು ಹಾಕಲು ಆಗದಿದ್ದರೆ ರೇಂಜಿನ ನಾಲ್ಕು ಮನೆಯವರು ಸೇರಿ ನಾಲ್ಕು ಲಾಟ್ ತರಿಸಿ ಹಂಚಿಕೊಂಡು ಟೆಸ್ಟ್ ಮಾಡಬಹುದು. ಒಬ್ಬರ ಬ್ಯಾರಲ್ ಒಲ್ಲದ ಲಾಟ್ ಇನ್ನೊಬ್ಬರದ್ದಕ್ಕೆ ಹೊಂದುವುದು ಮಾಮೂಲು.

.22ಗೆ ಹೋಗುವವರಿಗೆ

ಏರ್ ರೈಫಲ್ ಮುಗಿಸಿ 50 ಮೀಟರ್ .22ಗೆ (ಮದ್ದು ತುಂಬಿದ ಕಾಡತೂಸು ಹಾಕುವ .22 ಇಂಚಿನ ರೈಫಲ್‌ಗೆ) ಹೋಗುವವರು ಈಗ ಜಾಸ್ತಿ. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ಮೂರು ಭಂಗಿಯಲ್ಲಿ 451.4 ಹೊಡೆದು ಕಂಚು ತಂದ ಮೇಲಂತೂ ಇನ್ನೂ ಜಾಸ್ತಿ. ಕೊಲ್ಹಾಪುರ ಜಿಲ್ಲೆಯ ಹುಡುಗ. ಹುಬ್ಬಳ್ಳಿಯಿಂದ ಹೈವೇ ಹಿಡಿದರೆ ಕೊಲ್ಹಾಪುರ ನಾಲ್ಕು ತಾಸಿನ ದಾರಿ.

ಇಲ್ಲಿ ಲೈಸೆನ್ಸ್, ಆಮದು ಪರವಾನಗಿ ಎಲ್ಲಾ ಬಂತು. ಕೋಟಾದಲ್ಲಿ ಸಿಕ್ಕಷ್ಟೇ ಕಾಡತೂಸು. .22ರಲ್ಲಿ ಕಿಡಿ ಹೊತ್ತುವ ಮಸಾಲೆ ಕೋಶದ ಅಂಚಿನ ಮಡಿಕೆಯೊಳಗೇ ಇರುತ್ತದೆ, ಪಿನ್ ಹೊಡೆದರೆ ಆ ಅಂಚು ಜಜ್ಜಿ ಹೋಗುತ್ತದೆ, ಕೋಶವನ್ನ ಮತ್ತೆ ತುಂಬಲು ಬರುವುದಿಲ್ಲ. ಹಾಗಾಗಿ ಕೈಯಿಂದ ತುಂಬಿಕೊಳ್ಳುವವರ ದೇಶದಲ್ಲೂ .22 ಸ್ಪರ್ಧೆಯವರು ನಮ್ಮ ಹಾಗೇ ಲಾಟ್ ಆರಿಸುತ್ತಾರೆ.

ಆಯ್ಕೆ ಸರಳ. ಮೇಲಿನ ದರ್ಜೆಯಲ್ಲಿ ಎಲಿ ಟೆನೆಕ್ಸ್, ಆರ್‌ಡಬ್ಲ್ಯೂಎಸ್ ಆರ್50, ಲಾಪುವಾ ಎಕ್ಸ್-ಆ್ಯಕ್ಟ್ ಮತ್ತು ಮಿಡಾಸ್ ಪ್ಲಸ್. ಅಭ್ಯಾಸಕ್ಕೆ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್ ಥರದ್ದು. ಎಲ್ಲದರ ಗುಂಡೂ 40 ಗ್ರೇನ್, ವೇಗ ಸೆಕೆಂಡಿಗೆ 325 ಮೀಟರ್ ಆಸುಪಾಸು. ಶಬ್ದದ ವೇಗಕ್ಕಿಂತ ಬೇಕಂತಲೇ ಕಡಿಮೆ ಇಟ್ಟಿರುತ್ತಾರೆ, ಆ ಗಡಿ ದಾಟಿ ವಾಪಸ್ ಇಳಿಯುವಾಗ ಗುಂಡು ಅಲುಗುತ್ತದೆ ಅಂತ. ಲಾಪುವಾದವರು ಜರ್ಮನಿಯ ಷೋನೆಬೆಕ್‌ನಲ್ಲಿ, ಎಲಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಟೆಸ್ಟ್ ರೇಂಜ್ ಇಟ್ಟಿದ್ದಾರೆ. ಶೂಟರ್‌ಗಳು ರೈಫಲ್ ಒಯ್ದು ಕ್ಲಾಂಪಿಗೆ ಹಾಕಿಸಿ, ಗೆದ್ದ ಲಾಟನ್ನ ಕೊಂಡು ಬರುತ್ತಾರೆ.

50 ಮೀಟರ್‌ನಲ್ಲಿ ವೇಗದ ಏರುಪೇರಿಗೆ ಬೆಲೆ ಜಾಸ್ತಿ. ಗುಂಡು ಸುಮಾರು 12 ಸೆಂ.ಮೀ. ಇಳಿಯುತ್ತದೆ. ವೇಗ ಶೇಕಡಾ ಒಂದು ಬದಲಾದರೆ 2.3 ಮಿ.ಮೀ.ಗೂ ಜಾಸ್ತಿ ಮೇಲೆ-ಕೆಳಗೆ. ಅಲ್ಲಿ ಒಂದು ದಶಾಂಶ ಅಂದರೆ 0.8 ಮಿ.ಮೀ., ಹಾಗಾಗಿ ಮೂರು ದಶಾಂಶ ಒಂದೇ ಏಟಿಗೆ ಹೋಗುತ್ತದೆ. ಹೊರಗಿನ ಗಾಳಿಯೂ ಸೇರಿತು. ಟೆಸ್ಟನ್ನ ಬೆಳಿಗ್ಗೆ ಬೇಗ ಮಾಡಿ. ಹೊತ್ತೇರಿದ ಮೇಲೆ ಬಯಲಿನಲ್ಲಿ ಬೀಸುವ ಗಾಳಿಯಲ್ಲಿ ಲಾಟ್ ಯಾವುದು, ಗಾಳಿ ಯಾವುದು ಅಂತ ಗೊತ್ತಾಗುವುದಿಲ್ಲ.

ಜರ್ಮನಿಗೆ ಹೋಗಲಾಗದವರು ರೇಂಜಿನಲ್ಲಿ ಇರುವ ಬೇರೆ ಬೇರೆ ಲಾಟ್‌ಗಳಿಂದ ಒಂದೊಂದು ಬಾಕ್ಸ್ ಅದಲು ಬದಲು ಮಾಡಿಕೊಳ್ಳಿ, ರೇಂಜಿನ ನಿಯಮ ಒಪ್ಪಿದರೆ ಅಲ್ಲೇ ಹೊಡೆದು ನೋಡಿ. ಆಮೇಲೆ ಡೀಲರ್‌ಗೆ ಲಾಟ್ ನಂಬರ್ ಹೇಳಿ ಕೇಳಿ. "ಎಲ್ಲಾ ಒಂದೇ ರೀ, ಯಾವುದಾದ್ರೂ ತಗೋರಿ" ಅಂದರೆ, ಕೋಟಾ ಪೂರ್ತಿ ಅಲ್ಲೇ ಖರ್ಚು ಮಾಡದೆ ಎರಡು ಬಾಕ್ಸ್ ಮಾತ್ರ ತಗೊಂಡು ಬನ್ನಿ.